ಗೆರೆ ದಾಟಿದ ದರೋಡೆ

ವರ್ಲೀನ್ ಅಂಗಡಿಯ ನೆಲ ಒರೆಸುತ್ತಿದ್ದಳು. ಒದ್ದೆ ನೆಲದ ಮೇಲೆ ಯಾರಾದರೂ ಕಾಲಿಟ್ಟರೆ ಜನ್ಮ ಜಾಲಾಡುವ ಹೆಂಗಸು. ಆಗಲೇ ಉಣ್ಣೆಯ ಮುಸುಕಿನವನೊಬ್ಬ ಪಿಸ್ತೂಲು ಹಿಡಿದು ಬಾಗಿಲು ತಳ್ಳಿದ. ಚಾಪೆಗೆ ಬೂಟು ಉಜ್ಜಿಯೇ ಒಳಗೆ ಬಂದ.

ಕ್ರ್ಯಾಬ್ ಫೋರ್ಕ್ ಎಂಬ ಆ ಬೆಟ್ಟದೂರಿಗೆಲ್ಲ ಇದೊಂದೇ ಅಂಗಡಿ. ನಡುವೆ ಹಳದಿ ಗೆರೆ. ಎಡಕ್ಕೆ ಅಂಗಡಿ, ಬಲಕ್ಕೆ ಅಂಚೆ ಕಚೇರಿ. ಎರಡನ್ನೂ ನಡೆಸುವವಳು ವರ್ಲೀನಳೇ. ತಿಂಗಳ ಕೊನೆಗೆ ಅಂಚೆ ಕಚೇರಿ ಮುಚ್ಚಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಮುಚ್ಚಿದರೆ ಮುದುಕರಿಗೆ ಮಾತ್ರೆ ಬರುವುದಿಲ್ಲ. ಅಂಚೆ ನಂಬರು ಕಳೆದುಕೊಂಡ ಊರು ನಾಲ್ಕು ದಿನದಲ್ಲಿ ನಕಾಶೆಯಿಂದಲೂ ಹೋಗುತ್ತದೆ. ಎರಡು ವರ್ಷದಲ್ಲಿ ಊರವರು ಆರು ಮನವಿ ಕಳಿಸಿದ್ದರು. ಒಂದಕ್ಕೂ ಉತ್ತರವಿಲ್ಲ. ಪಾಪ, ಅಂಚೆ ನಡೆಸುವ ದೊಡ್ಡವರಿಗೆ ಕಾಗದ ಓದಲು ಪುರುಸೊತ್ತೆಲ್ಲಿ?

ಮುಸುಕಿನವನು ಅಂಗಡಿಯ ಗಲ್ಲಾಪೆಟ್ಟಿಗೆಯತ್ತ ಪಿಸ್ತೂಲು ತೋರಿಸಿದ. ಬಾಯಿ ಬಿಡಲಿಲ್ಲ.

"ಅಲ್ಲಿಗ್ಯಾಕೋ ಕೈ ಹಾಕ್ತೀಯ?" ವರ್ಲೀನ್ ಗದರಿದಳು. "ಅದು ಬರೀ ಕೌಂಟಿ ಕೇಸು, ಜಿಲ್ಲೆ ಪೊಲೀಸರದ್ದು. ನಮ್ಮ ಶೆರಿಫ್ ಡೆಲ್ಮರ್ ಬರ್ತಾನೆ, ಕಾಫಿ ಕುಡೀತಾನೆ, ಬರ್ಕೊಂಡು ಹೋಗ್ತಾನೆ. ಗೆರೆ ದಾಟಿ ಅಂಚೆ ಡ್ರಾಯರ್ ಮುಟ್ಟಿದ್ಯೋ, ಕೇಂದ್ರ ಸರ್ಕಾರಾನೇ ದೋಚಿದ ಹಾಗೆ. ಇಪ್ಪತ್ತೈದು ವರ್ಷ! ತಿಳೀತಾ?"

ಮೂಲೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದ ಮುದುಕ ಹೋಬರ್ಟ್, "ಬುದ್ಧಿಮಾತು ಕೇಳೋ ಮಾರಾಯ, ಗಲ್ಲಾನೇ ಎತ್ಕೊಂಡ್ಹೋಗು" ಎಂದ.

ಕಳ್ಳ ಗೆರೆಯವರೆಗೆ ಬಂದ. ನಿಂತ. ಹಿಂದೆ ಸರಿದು ಮತ್ತೆ ಗಲ್ಲಾದ ಕಡೆ ಆಸೆಯಿಂದ ನೋಡಿದ.

"ಇಷ್ಟೇನಾ ನಿನ್ನ ಧೈರ್ಯ?" ಎಂದಳು ವರ್ಲೀನ್.

ಕಳ್ಳ ಕಣ್ಣು ಮುಚ್ಚಿ ಗೆರೆ ದಾಟಿದ. ಎರಡು ಹಾಳೆ ಅಂಚೆಚೀಟಿ ಕಿತ್ತುಕೊಂಡು ಓಡಿದ.

"ಮೂಗ, ಮೇಲೆ ಪೆದ್ದ," ಹೋಬರ್ಟ್ ಉಸಿರುಬಿಟ್ಟ. "ನೀನ್ಯಾಕಕ್ಕ ಅವನನ್ನ ಕೆಣಕಿದ್ದು?"

"ನನ್ನ ಬಾಯಿ ಸುಮ್ನಿರಲ್ವಲ್ಲ."

ಅರ್ಧ ಗಂಟೆಗೆ ಡೆಲ್ಮರ್ ಏದುಸಿರು ಬಿಡುತ್ತ ಬಂದ. "ಗೆರೆ ದಾಟಿದ್ನಾ ವರ್ಲೀನಕ್ಕ? ಹಾಗಾದ್ರೆ ಈ ಕೇಸು ನಂದಲ್ಲ ಬಿಡಿ" ಎಂದು ನಿರಾಳವಾಗಿ ಕೂತು ಎರಡು ತುಂಡು ಸೇಬಿನ ಪೈ ತಿಂದ.

ಸಂಜೆಯೊಳಗೆ ಮೂರು ಕರಿ ಕಾರು, ಏಳು ಜನ. ಆರು ಮನವಿಗೆ ಅಲುಗದ ಕೇಂದ್ರ ಸರ್ಕಾರ ಎರಡು ಹಾಳೆ ಚೀಟಿಗೆ ಬೆಟ್ಟ ಹತ್ತಿ ಬಂದಿತ್ತು. ತನಿಖಾಧಿಕಾರಿ ಪ್ರೂಯಿಟ್ ಹಳದಿ ಗೆರೆಯನ್ನು ಮೂರು ಸಲ ಅಳೆದ. "ತನಿಖೆ ಮುಗಿಯೋವರೆಗೂ ಈ ಕಚೇರಿಯಿಂದ ಒಂದು ಮೊಳೆಯನ್ನೂ ಕೀಳೋ ಹಾಗಿಲ್ಲ" ಎಂದ.

ಸರ್ಕಾರಿ ತನಿಖೆ ಮುಗಿಯುವುದೆಂದರೇನು, ಅದಕ್ಕೂ ಒಂದು ಘನತೆ ಬೇಡವೇ? ನಾಲ್ಕು ವರ್ಷ ಮುದುಕರ ಮಾತ್ರೆ ತಪ್ಪದೆ ಬಂದವು. ಮುಚ್ಚಲು ಬರೆದವರು ನಿವೃತ್ತರಾದರು. ಕಡತದ ದಪ್ಪ ನೋಡಿ ಬೆರಗಾದ ಹೊಸಬರು, "ಅತಿ ಮುಖ್ಯ ಕಚೇರಿ" ಎಂದು ಬರೆದು ಇಪ್ಪತ್ತು ವರ್ಷಕ್ಕೆ ಜಾಗದ ಬಾಡಿಗೆ ಕರಾರು ಮಾಡಿಕೊಂಡರು.

ಇಂಥ ಕೇಸನ್ನು ಐದು ವರ್ಷದೊಳಗೆ ಕೋರ್ಟಿಗೆ ಒಯ್ಯದಿದ್ದರೆ ಅದು ಸತ್ತಂತೆ. ಐದು ವರ್ಷದ ಮೇಲೆ ಒಂದು ದಿನ ಕಳೆದಾಗ ವರ್ಲೀನ್, ಅಷ್ಟೂ ಕಾಲ ತನ್ನ ಬೈಬಲ್ಲಿನೊಳಗೆ ಮಲಗಿದ್ದ ಲಕೋಟೆಯೊಂದನ್ನು ಪ್ರೂಯಿಟ್‌ನ ವಿಳಾಸ ಬರೆದು ಅಂಚೆ ಚೀಲಕ್ಕೆ ಹಾಕಿದಳು. ದರೋಡೆಯ ಹಿಂದಿನ ದಿನದ ತಾರೀಖು ಹಾಕಿದ್ದ ಒಳಗಿನ ಕಾಗದದಲ್ಲಿ ಇದ್ದದ್ದು ಇಷ್ಟೇ:

"ಮಾನ್ಯ ತನಿಖಾಧಿಕಾರಿಗಳೇ, ನಾಳೆ ಬೆಳಿಗ್ಗೆ ಹತ್ತಕ್ಕೆ ಇಲ್ಲಿ ದರೋಡೆಯಾಗುತ್ತದೆ. ಅದು ಹೋಬರ್ಟ್ ಕಾಫಿಗೆ ಬರುವ ಹೊತ್ತು, ಸಾಕ್ಷಿ ಬೇಕಲ್ಲ. ಕಳ್ಳನಿಗೆ ಗೆರೆ ದಾಟಲು ಭಯ, ನಾನು ದಾಟಿಸುತ್ತೇನೆ. ಇಂತಿ, ವರ್ಲೀನ್, ಅಂಚೆ ಕಚೇರಿ. ಡೆಲ್ಮರ್, ಶೆರಿಫ್ ಹಾಗೂ ಕಳ್ಳ."