ಏಳು ಗಂಟೆಯ ಸದ್ದು

ಟಿವಿ ಪಕ್ಕದಲ್ಲಿ, ಹಳೆಯ ಫೋಟೋಗಳನ್ನೆಲ್ಲ ತುಂಬಿಟ್ಟ, ಇಂಟರ್ನೆಟ್ಟಿನಲ್ಲಿ ಎಲ್ಲಿಂದ ಬೇಕಾದರೂ ತೆರೆಯಬಹುದಾದ ಪುಟ್ಟ ಸ್ಟೋರೇಜ್ ಪೆಟ್ಟಿಗೆಯಿತ್ತು. ಮನೆಯಲ್ಲಿ ಯಜಮಾನರೊಬ್ಬರೇ. ರಿಪೇರಿಗೆ ಬಂದ ಹುಡುಗಿ ಅದನ್ನು ಬಿಚ್ಚಿ, ಹಳೆಯ ಹಾರ್ಡ್‌ಡಿಸ್ಕಿನ ಪಕ್ಕದಲ್ಲಿ ಸದ್ದು ಮಾಡದ ಹೊಸ ಎಸ್‌ಎಸ್‌ಡಿ ಡಿಸ್ಕ್ ಕೂರಿಸಿದಳು.

"ಫೋಟೋ ಎಲ್ಲಾ ಹೊಸದಕ್ಕೆ ಹಾಕಿದೀನಿ ಸಾರ್. ಇನ್ಮೇಲೆ ಒತ್ತಿದ ತಕ್ಷಣ ತೆರೆಯುತ್ತೆ. ಹಳೇ ಡಿಸ್ಕ್ ಆಫ್ ಮಾಡಿಬಿಡ್ತೀನಿ, ಆ ಕರಕರ ಸದ್ದೂ ಇರಲ್ಲ."

ಅವರ ಮುಖ ಇಳಿದುಹೋಯಿತು.

"ಸದ್ದೇ ಇರಲ್ವಾ? ಹಾಗಾದ್ರೆ ಅವಳು ಬಂದಿದ್ದು ನಂಗೆ ಹೇಗಮ್ಮ ಗೊತ್ತಾಗ್ಬೇಕು?"

"ಯಾರು ಸಾರ್?"

"ನನ್ನ ಹೆಂಡತಿ. ಬಿಟ್ಟು ಹೋದ್ಲು. ಇದರ ಪಾಸ್‌ವರ್ಡ್ ಮಾತ್ರ ಇನ್ನೂ ಅವಳ ಹತ್ರ ಇದೆ. ದಿನಾ ಸಂಜೆ ಏಳಕ್ಕೆ ಎಲ್ಲೋ ಕೂತು ಫೋಟೋ ನೋಡ್ತಾಳೆ, ಇಲ್ಲಿ ಇದು ಕರಕರ ಅನ್ನುತ್ತೆ. ನಾನೂ ಕಾಫಿ ಹಿಡ್ಕೊಂಡು ಪಕ್ಕದಲ್ಲಿ ಕೂರ್ತೀನಿ. ಅವಳಿಗೆ ತಾಳ್ಮೆ ಕಡಿಮೆ, ನಿಧಾನ ಆಯ್ತು ಅಂತ ನೋಡೋದೇ ಬಿಟ್ಟರೆ ಕಷ್ಟ ಅಂತ ನಿನ್ನ ಕರೆಸ್ದೆ." ಆಮೇಲೆ ಮೆಲ್ಲಗೆ ಹೇಳಿದರು, "ಭಾನುವಾರ ಬೆಳಿಗ್ಗೇನೂ ಕಾಯ್ತೀನಿ. ಆಗ ಬರಲ್ಲ."

ಹುಡುಗಿ ಪೆಟ್ಟಿಗೆಗೆ ಜೋಡಿಸಿದ್ದ ತನ್ನ ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಫೋಟೋಗಳನ್ನು ಯಾರು ಯಾವಾಗ ತೆರೆದಿದ್ದಾರೆಂಬ ಪಟ್ಟಿಯನ್ನು ಕೊನೆಯವರೆಗೂ ನೋಡಿದಳು.

"ಹಳೇದೂ ಇರ್ಲಿ ಬಿಡಿ ಸಾರ್. ಸದ್ದು ಬರುತ್ತೆ."

"ಬರುತ್ತಲ್ಲಾ? ತಡಿ, ಕಾಫಿ ತರ್ತೀನಿ."

ಅವರು ಒಳಗೆ ಹೋದರು. ಹಳೆಯ ಡಿಸ್ಕು ದಿನಾ ಸಂಜೆ ಏಳಕ್ಕೆ ಕರಕರ ಎನ್ನುತ್ತ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳಲೆಂದು ಮೊದಲಿನಿಂದಲೂ ಇದ್ದ ಸೆಟಿಂಗನ್ನು ಅವಳು ಹಾಗೇ ಬಿಟ್ಟು, ಭಾನುವಾರ ಬೆಳಿಗ್ಗೆಗೂ ಒಂದು ಸಲ ಎಂದು ಸೇರಿಸಿದಳು.