ಕೊಟ್ಟವರ ಮಾತು

"ಈ ಕಾರ್ಖಾನೆಯಲ್ಲೇ ನನ್ನ ಚುನಾವಣೆಗೆ ಅತಿ ಹೆಚ್ಚು ದೇಣಿಗೆ ಕೊಟ್ಟ ಅಕ್ಕ ಇಲ್ಲಿಗೆ ಬರಬೇಕು!" ಎಂದು ಅಭ್ಯರ್ಥಿ ಮೈಕಿನಲ್ಲಿ ಹೆಸರು ಕೂಗಿದಾಗ, ಸೂಜಿಯಕ್ಕ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದಳು.

ಹಾಸಿಗೆ ಕಾರ್ಖಾನೆಯ ಅಂಗಳದಲ್ಲಿ ಕೆಲಸಗಾರರೆಲ್ಲ ಕಿಕ್ಕಿರಿದು ನಿಂತಿದ್ದರು. ಹೊಲಿಗೆ ವಿಭಾಗದ ಅವಳಿಗೆ, ನಾಲಗೆ ಚೂಪೆಂದು ಆ ಅಡ್ಡಹೆಸರು ಇಟ್ಟವಳು ಪಕ್ಕದ ಮಿಷನ್ನಿನಲ್ಲಿ ಕೂರುವ ಓರಗಿತ್ತಿ. ಅವಳೇ ಈಗ ಕೆಮ್ಮುತ್ತ ತಿವಿದಳು. "ಹೋಗೇ, ಕೂಗಿದ್ದು ನಿನ್ನನ್ನೇ!"

"ನಾನು ಚಿಕ್ಕಾಸೂ ಕೊಟ್ಟಿಲ್ವಲ್ಲೇ!"

"ನಾನೆಲ್ಲಿ ಕೊಟ್ಟಿದೀನಿ? ಈಗಷ್ಟೇ ನಂಗೂ ಥ್ಯಾಂಕ್ಸ್ ಹೇಳಿದ್ರು!"

ಜನ ದಾರಿ ಬಿಟ್ಟರು. ವೇದಿಕೆಯ ಮೆಟ್ಟಿಲ ಬಳಿ ಮ್ಯಾನೇಜರ್ ಹಲ್ಲು ಕಿರಿದುಕೊಂಡೇ ಅವಳ ಕಿವಿಯಲ್ಲಿ ಉಸುರಿದ. "ಕಂಪನಿ ಕೊಟ್ರೆ ಕಾನೂನಿನ ತಕರಾರು. ಅದಕ್ಕೇ ಧಣಿಗಳು ನಿಮ್ಮಗಳ ಹೆಸರಲ್ಲಿ ಕೊಟ್ಟಿದಾರೆ. ನಗು, ಥ್ಯಾಂಕ್ಸ್ ಅನ್ನು, ಇಳಿ. ಜಾಸ್ತಿ ಮಾತಾಡಿದ್ಯೋ, ನಾಳೆಯಿಂದ ಮನೇಲೇ ಇರು."

ಸೂಜಿಯಕ್ಕ ಸೆರಗು ಸಿಕ್ಕಿಸಿಕೊಂಡಳು. ಮೇಲೆ ಹತ್ತಿದ್ದೇ ತಡ, ಕ್ಯಾಮೆರಾಗಳು ಫಳಫಳ ಮಿಂಚಿದವು. ಅಭ್ಯರ್ಥಿ ಅವಳ ಕೈ ಬಿಗಿಯಾಗಿ ಹಿಡಿದುಕೊಂಡ. "ಬೆವರು ಸುರಿಸಿ ದುಡಿದ ದುಡ್ಡು ಕೊಟ್ಟಿದ್ದೀರಿ. ಹೇಳಿ ಅಕ್ಕಾ, ನಿಮ್ಮ ಋಣ ಹೇಗೆ ತೀರಿಸ್ಲಿ?" ಎಂದು ಮೈಕನ್ನು ಅವಳ ಕೈಗೇ ಕೊಟ್ಟುಬಿಟ್ಟ.

ಥ್ಯಾಂಕ್ಸ್ ಎನ್ನಲು ಬಾಯಿ ತೆರೆದವಳಿಗೆ ಎದುರಿಗೆ ಹೊಲಿಗೆ ವಿಭಾಗದ ಕಿಟಕಿಗಳು ಕಂಡವು. ಕಳ್ಳತನವಾಗುತ್ತದೆಂದು ಎಲ್ಲಕ್ಕೂ ಮೊಳೆ ಜಡಿದಿದ್ದರು. ಕೆಳಗೆ ಓರಗಿತ್ತಿ ಬಾಯಿಗೆ ಕೈ ಅಡ್ಡ ಹಿಡಿದು ಬಗ್ಗಿ ಬಗ್ಗಿ ಕೆಮ್ಮುತ್ತಿದ್ದಳು.

"ತೀರಿಸ್ಬಹುದು ಸಾರ್!" ತನ್ನ ದನಿ ಲೌಡ್‌ಸ್ಪೀಕರಿನಲ್ಲಿ ಗುಡುಗಿದ್ದು ಕೇಳಿ ಅವಳಿಗೇ ಮೈ ಜುಮ್ಮೆಂದಿತು. "ಆ ಕಿಟಕಿಗಳ ಮೊಳೆ ಕೀಳಿಸಿ. ಒಳಗೆ ಹತ್ತಿ ಧೂಳು ಕುಡಿದು ಕುಡಿದು ನಮ್ಮ ಶ್ವಾಸಕೋಶವೇ ಹಾಸಿಗೆ ಆಗಿದೆ. ಎಲ್ಲರಿಗಿಂತ ಜಾಸ್ತಿ ಕೊಟ್ಟಿರೋಳು ಕೇಳ್ತಿದೀನಿ, ಇಲ್ಲ ಅನ್ಬೇಡಿ!"

ಮೊದಲು ಕೂಗಿದವಳು ಓರಗಿತ್ತಿ. "ನಾನೂ ಕೊಟ್ಟಿದೀನಿ ಸಾರ್! ನಂದೂ ಅದೇ ಮಾತು!"

"ನಾನೂ ಕೊಟ್ಟಿದೀನಿ!" ಎಂದ ಕಟಿಂಗ್ ವಿಭಾಗದ ಮುದುಕ.

"ನಾನೂ!" "ನಾನೂ!" ನಗು, ಸಿಳ್ಳೆ, ಚಪ್ಪಾಳೆ ಒಟ್ಟಿಗೇ ಎದ್ದು ತಗಡಿನ ಮಾಡು ಹಾರಿಹೋಗುವಂತಾಯಿತು. ಕ್ಯಾಮೆರಾಗಳೆಲ್ಲ ಸರಕ್ಕನೆ ಕಿಟಕಿಗಳತ್ತ ತಿರುಗಿದವು. ಅಭ್ಯರ್ಥಿ ಕ್ಯಾಮೆರಾಗಳನ್ನು ನೋಡಿದ, ಜನರನ್ನು ನೋಡಿದ, ಮುಷ್ಟಿ ಎತ್ತಿದ. "ಇವತ್ತೇ ಕೀಳಿಸೋಣ! ನನ್ನ ಕಣ್ಣೆದುರಿಗೇ!"

ಮ್ಯಾನೇಜರ್ ಎರಡೆರಡು ಮೆಟ್ಟಿಲು ಹಾರಿ ಬಂದ. ಮುಖ ಕೆಂಡವಾಗಿತ್ತು. ಅವಳ ಕಿವಿಗೆ ಬಾಯಿಟ್ಟು ಹಲ್ಲು ಕಡಿದ. "ನೀನೆಲ್ಲೇ ಕೊಟ್ಟಿದೀಯ? ಒಂದು ಪೈಸೆ ಕೊಟ್ಟಿದೀಯೇನೇ?"

ಸೂಜಿಯಕ್ಕ ಮೈಕನ್ನು ಮೆಲ್ಲಗೆ ಅವನ ತುಟಿಯ ಹತ್ತಿರಕ್ಕೆ ಹಿಡಿದಳು.

"ಏನಂದ್ರಿ ಸಾರ್? ಇನ್ನೊಂದ್ಸಲ ಹೇಳಿ, ಎಲ್ಲರಿಗೂ ಕೇಳ್ಲಿ."

ಅಂಗಳವೆಲ್ಲ ಕಿವಿಯಾಯಿತು. ಮ್ಯಾನೇಜರ್ ಉಗುಳು ನುಂಗಿದ ಸದ್ದು ಲೌಡ್‌ಸ್ಪೀಕರಿನಲ್ಲಿ ಗೇಟಿನಾಚೆಯ ರಸ್ತೆಯವರೆಗೂ ಕೇಳಿಸಿತು.

"ಯಾರಾದ್ರೂ... ಸುತ್ತಿಗೆ ತಗೊಂಬನ್ನಿ," ಎಂದ ಅವನು.