ವಿರಾಮದ ಚಿತ್ರ

ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ ಬೆರಳುಗಳನ್ನು ಆಳುವ ಜಾಗ ಯಾವುದೆಂದು ನಕ್ಷೆ ಬರೆಯಹೊರಟ ಡಾಕ್ಟರೊಬ್ಬರು, ಯಕ್ಷಗಾನದ ಹಿರಿಯ ಮದ್ದಳೆಗಾರ ಶೇರಿಗಾರರನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿದರಂತೆ. ಬೆರಳಾಡಿಸುವಾಗ ಒಂದು ಚಿತ್ರ, ಸುಮ್ಮನಿರುವಾಗ ಒಂದು ಚಿತ್ರ. ಎರಡನ್ನೂ ಹೋಲಿಸಿದರೆ ಮಾತ್ರ ನಕ್ಷೆ. ಮೊದಲನೆಯದು ಸಿಕ್ಕಿತು. ಎರಡನೆಯದರಲ್ಲಿಯೂ ಆ ಜಾಗ ಕೆಂಪಗೆ ಉರಿಯುತ್ತಲೇ ಇತ್ತು. ಯಂತ್ರ ಡಾಕ್ಟರ ಪಾಲಿಗೆ ಉಳಿದಿದ್ದುದು ಇನ್ನು ಕಾಲು ಗಂಟೆ. ಅಷ್ಟರೊಳಗೆ ಆಗದಿದ್ದರೆ ಮೂರು ವರ್ಷದ ಕೆಲಸ ವ್ಯರ್ಥ.

“ಶೇರಿಗಾರರೇ, ಸುಮ್ಮನಿರಿ ಅಂದೆನಲ್ಲ,” ಎಂದರು ಡಾಕ್ಟರು ಮೈಕಿನಲ್ಲಿ.

“ಕೈ ಸುಮ್ಮನೇ ಉಂಟು. ನಿಮ್ಮ ಯಂತ್ರ ಈ ನಮೂನೆ ಬಡಿಯುವಾಗ ಮನಸ್ಸು ಬಾರಿಸದೆ ಇರುವುದು ಹೇಗೆ ಮಾರಾಯ್ರೆ? ಅದಕ್ಕೆ ತಾಳವೂ ಸರಿ ಇಲ್ಲ.”

“ಹಾಗಾದರೆ ಆಟದಲ್ಲಿ ನೀವು ನಿಲ್ಲಿಸುವುದು ಯಾವಾಗ?”

“ವೇಷದವರು ಅರ್ಥ ಹೇಳುವಾಗ. ಅವರ ಮಾತಿನ ಮೇಲೆ ಬಾರಿಸುವ ಕ್ರಮ ಇಲ್ಲ.”

ಬೇರೆ ದಾರಿಯಿರಲಿಲ್ಲ. ಡಾಕ್ಟರು ರಾವಣನಾದರು, ಪಕ್ಕದಲ್ಲಿ ಯಂತ್ರ ನಡೆಸುತ್ತಿದ್ದವನನ್ನು ಹನುಮಂತನೆಂದು ಭಾವಿಸಿ, ಅಶೋಕವನವನ್ನು ಹಾಳುಗೆಡವಿದ್ದೇಕೆಂದು ಮೈಕಿನಲ್ಲಿ ವಿಚಾರಿಸತೊಡಗಿದರು. ಪರದೆಯ ಮೇಲಿನ ಕೆಂಪು ಮೆಲ್ಲನೆ ಆರಿತು. ಕಾಲು ಗಂಟೆ ಕಳೆಯಿತು. ಹೊರಗೆ ಕಾದಿದ್ದ ರೋಗಿಯ ಕಡೆಯವರು ಬಾಗಿಲು ತಟ್ಟಿದರು.

“ಸಾಕು ಡಾಕ್ಟ್ರೇ, ಚಿತ್ರ ಚೊಕ್ಕ ಬಂದಿದೆ. ನಿಮ್ಮ ನಕ್ಷೆ ಆಯ್ತು,” ಎಂದ ಯಂತ್ರ ನಡೆಸುವವನು.

“ನಕ್ಷೆ ಹಾಗಿರಲಿ, ಕಪಿಯೇ. ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡು.”